ಎರಡು ಬೆರಳು ಎತ್ತು, ಕಪ್ಪೆರಾಯ

ಪ್ರೀತಿಯ ಕಪ್ಪೆರಾಯ,

ಫೋಟೋ ತಲುಪಿತು. ನೀನು ಕಟ್ಟುತ್ತಿರುವ ಕಯಾಕ್‌ನ, ಅಂದರೆ ಬಟ್ಟೆ ಹೊದಿಸುವ ಆ ಕಿರಿದಾದ ದೋಣಿಯ, ಮರದ ಹಂದರ ಚೆನ್ನಾಗಿ ಬಂದಿದೆ. ಈ ಒಂದು ಮಾತು ಬಾಯಿಂದ ಹೊರಡಲು ಮೂರು ದಿನ ಹಿಡಿಯಿತು ಅಂದರೆ ನನ್ನ ಹೊಟ್ಟೆಕಿಚ್ಚು ಎಷ್ಟೆಂದು ನೀನೇ ಲೆಕ್ಕ ಹಾಕು. ಖಾಸಗಿಯಾಗಿ ಬರೆದರೆ ನೀನು ‘ಹತ್ತು ನಿಮಿಷದಲ್ಲಿ’ ಉತ್ತರ ಕೊಡುವ ಆಸಾಮಿ, ಅದಕ್ಕೇ ನಾಲ್ಕು ಜನರ ಎದುರು ಬರೆಯುತ್ತಿದ್ದೇನೆ. ಓದುತ್ತಿರುವ ಉಳಿದವರಲ್ಲಿ ಒಂದು ಕೋರಿಕೆ: ನಡುವೆ ಶ್ರೀಮಾನ್ ಕ್ಲಾಂಪ್ ಬಂದರೆ ಸುಮ್ಮನೆ ನಕ್ಕುಬಿಡಿ, ಯಾರೆಂದು ಕೇಳಬೇಡಿ.

ಮೊದಲು ನಿನ್ನ ಪ್ರಶ್ನೆಗಳನ್ನು ಮುಗಿಸೋಣ. ಅಡ್ಡಕ್ಕೆ ಬಾಗಿಸಿ ಕೂರಿಸುವ ಪಕ್ಕೆಗಳು, ತುದಿಯಿಂದ ತುದಿಗೆ ಹೋಗುವ ಉದ್ದಪಟ್ಟಿಗೆ ಕೂಡುವ ಕಡೆ ದಾರದ ಜೊತೆ ಒಂದೊಂದು ಸ್ಕ್ರೂ ಹಾಕಲೇ ಅಂತ ಕೇಳಿದ್ದೀಯ. ಹಾಕಬೇಡ. ಆರು ಮಿಲಿಮೀಟರ್ ದಪ್ಪದ ಪಕ್ಕೆಗೆ ಮೂರು ಮಿಲಿಮೀಟರಿನ ತೂತು ಕೊರೆದರೆ, ಆ ಪಕ್ಕೆ ಎಲ್ಲಿ ಮುರಿಯಬೇಕು ಎಂದು ನೀನೇ ಗುರುತು ಹಾಕಿ ಕೊಟ್ಟಂತೆ. ಅಲೆ ಬಂದಾಗ ಹಂದರ ಪೂರ್ತಿ ತಿರುಚಿಕೊಳ್ಳುತ್ತದೆ. ದಾರದ ಕಟ್ಟು ಕೂದಲೆಳೆಯಷ್ಟು ಬಿಟ್ಟುಕೊಟ್ಟು ಮತ್ತೆ ಜಾಗಕ್ಕೆ ಬರುತ್ತದೆ. ಸ್ಕ್ರೂ ಬಿಟ್ಟುಕೊಡುವುದಿಲ್ಲ, ಆಗ ಬಿಟ್ಟುಕೊಡಬೇಕಾದದ್ದು ಮರ. ಅದು ಎಳೆಯುದ್ದಕ್ಕೂ ಸೀಳುತ್ತದೆ. ಅದರ ಮೇಲೆ ಸ್ಕ್ರೂ ತಲೆ ಒಳಗಿನಿಂದ ಬಟ್ಟೆಯನ್ನು ಉಜ್ಜುತ್ತಲೇ ಇರುತ್ತದೆ. ಅಂಟಿನ ಮಾತೂ ಅಷ್ಟೇ. ಮೇಣ ಸವರಿದ ಕೃತಕ ನರದ ದಾರ ಸಾಕು, ಆದರೆ ಅದು ಸ್ವಲ್ಪ ಹಿಗ್ಗುತ್ತದೆ. ಒಂದೊಂದು ಸುತ್ತನ್ನೂ ಕೋಲಿಗೆ ಸುತ್ತಿ ಜಗ್ಗಿಯೇ ಕಟ್ಟು, ಬರಿಗೈಯಲ್ಲಿ ಎಳೆದರೆ ಕೈ ಕೊಯ್ಯುತ್ತದೆ. ನಡುವಿನ ಅಡಿಪಟ್ಟಿ ಮೊದಲು, ಆಮೇಲೆ ತಳವೂ ಪಕ್ಕವೂ ಕೂಡುವಲ್ಲಿನ ಎರಡು ಮೂಲೆಪಟ್ಟಿ. ಕಟ್ಟಿದ ಮೇಲೆ ಹಂದರದ ಒಂದು ತುದಿಯಿಂದ ಕಣ್ಣು ಹಾಯಿಸಿ ನೋಡು. ಅಡಿಪಟ್ಟಿ ಬಾಳೆಕಾಯಿಯ ಹಾಗೆ ಪಕ್ಕಕ್ಕೆ ಬಾಗಿದ್ದರೆ ಕಟ್ಟು ಬಿಚ್ಚಿ ಸರಿ ಮಾಡು. ಹಾಗೇ ಬಿಟ್ಟರೆ ದೋಣಿ ಆಯುಷ್ಯವಿಡೀ ಒಂದೇ ಕಡೆಗೆ ಎಳೆಯುತ್ತದೆ.

ಎರಡನೆಯದು, ಮುರಿದ ಏಳು ಪಕ್ಕೆಗಳು. ಏಳೇ ಅಂತ ನೀನು ಹೇಳುತ್ತೀಯ, ಫೋಟೋದ ಮೂಲೆಯ ರಾಶಿ ಬೇರೆ ಲೆಕ್ಕ ಹೇಳುತ್ತಿದೆ. ಮರ ಓಕ್ ಆಗಿರಲಿ, ಆ್ಯಶ್ ಆಗಿರಲಿ, ಕಾವಿನ ಗೂಡಿನಲ್ಲಿಟ್ಟು ಒಣಗಿಸಿದ ಹಲಗೆ ಪಕ್ಕೆಗೆ ಬರುವುದಿಲ್ಲ. ಹಸಿ ಮರ, ಇಲ್ಲವೇ ಗಾಳಿಯಲ್ಲಿ ಆರಿದ ಮರ ಬೇಕು. ನೀನು ತಂದಿರುವುದು ಅದೇ ಆಗಿದ್ದರೆ ತಪ್ಪು ಮರದ ನಾರಿನ ಎಳೆಯದು. ಪಟ್ಟಿಯನ್ನು ಅಂಚಿನಿಂದ ನೋಡು. ಎಳೆ ತುದಿಯಿಂದ ತುದಿಗೆ ಓಡಬೇಕು, ನಡುವೆ ಓರೆಯಾಗಿ ಹೊರಗೆ ಹಾದುಹೋಗಿದ್ದರೆ ಬಾಗಿಸುವಾಗ ಸರಿಯಾಗಿ ಅಲ್ಲೇ ಸಿಪ್ಪೆ ಏಳುತ್ತದೆ. ಗರಗಸಕ್ಕಿಂತ ಉಳಿಯಲ್ಲಿ ಸೀಳಿದ ಪಟ್ಟಿ ಮೇಲು, ಯಾಕೆಂದರೆ ಸೀಳು ಎಳೆಯ ಹಿಂದೆಯೇ ಹೋಗುತ್ತದೆ. ವರ್ಷದ ಉಂಗುರಗಳು ಪಟ್ಟಿಯ ಅಗಲ ಮುಖಕ್ಕೆ ಸಮನಾಗಿ ಮಲಗಿರಲಿ. ಇಪ್ಪತ್ತೈದು ಪಕ್ಕೆ ಬೇಕಿದ್ದರೆ ಮೂವತ್ತೈದು ಸೀಳಿಟ್ಟುಕೊಂಡು ಎರಡು ಮೂರು ದಿನ ನೀರಲ್ಲಿ ನೆನೆಹಾಕು.

ಹಬೆಪೆಟ್ಟಿಗೆಯ ಒಳಗೆ ಪೂರ್ತಿ ಕಾವು ಏರಿದ ಮೇಲೆ ಪಟ್ಟಿ ಇಡಬೇಕು, ಗಡಿಯಾರ ನೋಡಲು ಶುರು ಮಾಡುವುದೂ ಆಗಲೇ. ಆರು ಮಿಲಿಮೀಟರ್ ದಪ್ಪಕ್ಕೆ ಎಂಟು ಹತ್ತು ನಿಮಿಷ. ಹೆಚ್ಚು ಹೊತ್ತು ಬೆಂದರೆ ಇನ್ನೂ ಮೆತ್ತಗಾಗುತ್ತದೆ ಅನ್ನುವುದು ತಪ್ಪು ಎಣಿಕೆ. ಬಾಗಿಲಿಗೆ ಹಳೇ ಬಟ್ಟೆ ತುರುಕಿದರೆ ಸಾಕು, ಗಟ್ಟಿಯಾಗಿ ಮುಚ್ಚಬೇಡ. ಹಬೆಗೆ ದಾರಿ ಇಲ್ಲದಿದ್ದರೆ ಪೆಟ್ಟಿಗೆಯೇ ಸಿಡಿದೀತು. ಹೊರಗೆ ತೆಗೆದ ಮೇಲೆ ನಿನ್ನ ಕೈಯಲ್ಲಿರುವುದು ಹತ್ತು ಸೆಕೆಂಡು, ಬಹಳವೆಂದರೆ ಹದಿನೈದು. ಎರಡೂ ತುದಿ ಹಿಡಿದು ಒಮ್ಮೆಲೇ ಮಡಿಸಿದರೆ ಇಡೀ ಬಾಗು ಒಂದೇ ಜಾಗದಲ್ಲಿ ಬಿದ್ದು ಮುರಿಯುತ್ತದೆ. ಎರಡು ಹೆಬ್ಬೆರಳು ಒಳಗಿಟ್ಟು, ಮೂಲೆ ಬರಬೇಕಾದ ಜಾಗದ ಆಚೀಚೆ ಗೇಣುದ್ದ ಸವರುತ್ತ ಸವರುತ್ತ ಬಾಗಿಸು. ಮೊದಲು ಒಂದು ಮೂಲೆ, ಆಮೇಲೆ ಇನ್ನೊಂದು. ತುದಿಗಳನ್ನು ಗನ್‌ವೇಲಿನ, ಅಂದರೆ ದೋಣಿಯ ಮೇಲಂಚಿನ ಹಲಗೆಯ, ಕುಳಿಗೆ ಇಳಿಸಿ, ಬಿಸಿ ಇರುವಾಗಲೇ ಮೇಲಕ್ಕೋ ಕೆಳಕ್ಕೋ ತಳ್ಳಿ ಎತ್ತರ ಸರಿ ಮಾಡು. ತಣ್ಣಗಾದ ಮೇಲೆ ಅದು ಯಾರ ಮಾತೂ ಕೇಳುವುದಿಲ್ಲ. ಹಂದರದ ನಡುವಿನ ಪಕ್ಕೆಗಳಿಂದ ಶುರು ಮಾಡಿ ಎರಡೂ ತುದಿಯ ಕಡೆ ಸಾಗು. ಮುರಿದದ್ದರ ಜಾಗ ಖಾಲಿ ಬಿಟ್ಟು ಮುಂದೆ ಹೋಗಿದ್ದೀಯಲ್ಲ, ಬಲಗಡೆ ಒಂದು ಸಂದು ಇಪ್ಪತ್ತು ಸೆಂಟಿಮೀಟರ್ ದಾಟಿದೆ. ಹನ್ನೆರಡರಿಂದ ಹದಿನೈದರೊಳಗೆ ತಾ. ಇಲ್ಲದಿದ್ದರೆ ಕಲ್ಲಿನ ಮೇಲೆ ಇಳಿದ ಮೊದಲ ದಿನವೇ ಅಲ್ಲಿ ಉದ್ದಪಟ್ಟಿ ಲಟಕ್ ಅನ್ನುತ್ತದೆ. ಇನ್ನೊಂದು, ಬಟ್ಟೆಗೆ ತಾಗಬೇಕಾದದ್ದು ಉದ್ದಪಟ್ಟಿ, ಪಕ್ಕೆ ಅಲ್ಲ. ನಿನ್ನ ಐದನೇ ಪಕ್ಕೆ ಉಬ್ಬಿ ನಿಂತಿದೆ, ಅದನ್ನು ಬದಲಿಸಲೇಬೇಕು.

ಇಷ್ಟು ಹೇಳಿ ಬಟ್ಟೆಯ ವಿಷಯಕ್ಕೆ ಹೋಗಬೇಕಿತ್ತು. ಆದರೆ ಫೋಟೋದಲ್ಲಿ ನನ್ನ ಕಣ್ಣು ಹೋಗಿ ನಿಂತದ್ದು ಪಕ್ಕೆಯ ಮೇಲಲ್ಲ, ಮಾಸಿಕ್ ಮೇಲೆ.

ಓದುಗರಿಗೆ: ಮಾಸಿಕ್ ಅಂದರೆ ತಿಂಗಳಿಗೊಮ್ಮೆ ಬರುವ ಪತ್ರಿಕೆಯಲ್ಲ. ಕೂರುವ ಬಾಯಿಯ ಮುಂದೆ ಕಮಾನಿನ ಹಾಗೆ ಬಾಗಿರುವ ಅಡ್ಡಪಟ್ಟಿ ಅದು, ಗ್ರೀನ್‌ಲ್ಯಾಂಡಿನ ಹೆಸರು. ತೊಡೆಗಳು ಅದರ ಅಡಿಗೆ ಸೇರುತ್ತವೆ, ದೋಣಿಯನ್ನು ಹಿಡಿತದಲ್ಲಿ ಇಟ್ಟುಕೊಳ್ಳುವುದು ಅಲ್ಲಿಂದಲೇ. ಅದನ್ನು ಎರಡು ಬೆರಳು ಇಳಿಸು ಅಂತ ಕಳೆದ ಪತ್ರದಲ್ಲಿ ನಿನಗೆ ಹೇಳಿದವನು ನಾನು. ನೀನು ವಿಧೇಯನಾಗಿ ಇಳಿಸಿದ್ದೀಯ. ಜನ್ಮದಲ್ಲಿ ಒಂದೇ ಸಲ ನನ್ನ ಮಾತು ಕೇಳಿದೆ, ಅದೂ ಇದನ್ನೇ ಕೇಳಬೇಕಿತ್ತೇ?

ಅಲ್ಲಿನ ಇನುಯಿಟ್ ಬೇಟೆಗಾರರ ದೋಣಿಯ ಅಳತೆ ಮೈಯಿಂದಲೇ ಬರುತ್ತಿತ್ತು ಅನ್ನುವುದನ್ನು ನಾವಿಬ್ಬರೂ ಎಷ್ಟು ಸಲ ಬಾಯಿಪಾಠ ಒಪ್ಪಿಸಿಲ್ಲ! ಉದ್ದಕ್ಕೆ ಆಳಿನ ಮೂರು ಮಾರು, ಅಗಲಕ್ಕೆ ಸೊಂಟದ ಜೊತೆ ಆಚೆಗೊಂದು ಈಚೆಗೊಂದು ಮುಷ್ಟಿ, ಆಳಕ್ಕೆ ಮುಷ್ಟಿಯ ಮೇಲೆ ಚಾಚಿದ ಹೆಬ್ಬೆರಳು. ಹುಟ್ಟುಗೋಲಿಗೆ ಒಂದು ಮಾರು, ಒಂದು ಮೊಳ. ಕೇಳಲು ಚಂದ, ಬರೆಯಲು ಇನ್ನೂ ಚಂದ. ಆದರೆ ಆ ಮೈಗೆ ಏನು ಬರುತ್ತಿತ್ತು ಅನ್ನುವುದನ್ನು ನಾನು ಅಳತೆಯ ಪಕ್ಕದಲ್ಲಿ ಬರೆಯಲಿಲ್ಲ. ಮಗುಚಿದರೆ ಆ ಜನರಲ್ಲಿ ನುರಿತವರು ಹುಟ್ಟಿನ ಒಂದು ಬೀಸಿಗೆ ದೋಣಿ ಸಮೇತ ಮೇಲೆ ಬರುತ್ತಿದ್ದರು. ಹೊರಗೆ ಬೀಳುವುದು ಅವರಿಗೆ ಉಪಾಯವೇ ಅಲ್ಲ, ಆ ತಣ್ಣೀರಿನಲ್ಲಿ ಹೊರಗೆ ಬಿದ್ದವನಿಗೆ ಉಳಿಗಾಲವಿರಲಿಲ್ಲ. ತುಯಿಲಿಕ್ ಅನ್ನುವ ತೊಗಲಂಗಿಯನ್ನು ಕೂರುವ ಬಾಯಿಯ ಸುತ್ತಿನ ಬಳೆಗೆ ಬಿಗಿದುಕೊಂಡು ಕೂರುತ್ತಿದ್ದುದೂ ಅದಕ್ಕೇ. ಆ ಇಕ್ಕಟ್ಟು ಮೇಲೆ ಏಳಬಲ್ಲವನ ಇಕ್ಕಟ್ಟು.

ನಿನಗೆ ಅದು ಬರುವುದಿಲ್ಲ. ಸರಿ, ಬರೆದೇಬಿಡುತ್ತೇನೆ: ನನಗೂ ಬರುವುದಿಲ್ಲ. ಪಕ್ಕೆ ಬಾಗಿಸುವುದರ ಬಗ್ಗೆ ಇಲ್ಲಿ ಪುಟಗಟ್ಟಲೆ ಗೀಚಿದವನು ನಾನು. ತಲೆಕೆಳಗಾದ ಮೇಲಿನ ಮೊದಲ ಐದು ಸೆಕೆಂಡಿನ ಬಗ್ಗೆ ಒಂದು ಸಾಲೂ ಬರೆದಿಲ್ಲ, ಅದು ನೆನಪಾದಾಗಲೆಲ್ಲ ಕೈ ಗರಗಸದ ಕಡೆಗೆ ಹೋಗುತ್ತದೆ. ಬಟ್ಟೆ ಹೊದಿಸದ ಹಂದರವೇ ನನಗೆ ಪ್ರೀತಿ, ಯಾಕೆಂದರೆ ಅದನ್ನು ಯಾರೂ ನೀರಿಗೆ ಇಳಿಸು ಅನ್ನುವುದಿಲ್ಲ. ನಿನ್ನ ಮಾಸಿಕ್ ಇಳಿಸು ಅಂದದ್ದೂ ನಿನ್ನ ತೊಡೆಯನ್ನು ನೋಡಿ ಅಲ್ಲ, ಮುಂದಿನ ಡೆಕ್ಕಿನ, ಅಂದರೆ ದೋಣಿಯ ಮೇಲ್ಮೈಯ, ಗೆರೆ ತಗ್ಗಾಗಿ ಕಂಡರೆ ಚಂದ ಅಂತ. ಫೋಟೋಗೆ ಅಂತ ಕಣೋ. ಮೂರು ದಿನ ಹಿಡಿದದ್ದು ಬರೀ ಹೊಟ್ಟೆಕಿಚ್ಚಿಗಲ್ಲ.

ಹೋಗಲಿ, ಶ್ರೀಮಾನ್ ಕ್ಲಾಂಪ್ ಇದನ್ನು ಓದಿ ಸಂತೋಷಪಡಲಿ. ಈಗ ಮಾಡಬೇಕಾದದ್ದು ಕೇಳು, ಬಟ್ಟೆ ಹೊಲಿದ ಮೇಲೆ ಇದು ಆಗದ ಕೆಲಸ.

ಹಂದರವನ್ನು ಮೆತ್ತನೆಯ ಹಾಸಿನ ಮೇಲೆ ಇಟ್ಟು, ಎರಡೂ ಪಕ್ಕಕ್ಕೆ ಆಸರೆ ಕೊಟ್ಟು ಒಳಗೆ ಕೂರು. ಕೂರುವ ಹಲಗೆ ಹಾಕಿರು, ನೀರಿಗೆ ಹಾಕುವ ಬೂಟನ್ನೇ ಹಾಕಿಕೋ, ಅದಕ್ಕೆ ಲಾಡಿ ಇರಬಾರದು. ಬಾಯಿಯ ಬಳೆಯನ್ನು ಅದರ ಜಾಗದಲ್ಲಿ ದಾರದಿಂದ ಕಟ್ಟು. ಈಗ ಕಣ್ಣು ಮುಚ್ಚಿ, ಎರಡು ಕೈಯನ್ನೂ ಸೊಂಟದ ಪಕ್ಕಕ್ಕೆ ಊರಿ, ಮೈ ಮುಂದಕ್ಕೆ ಬಾಗಿಸಿ, ಕಾಲು ನೀಳವಾಗಿಟ್ಟುಕೊಂಡೇ ಹಿಂದಕ್ಕೆ ಜಾರಿ ಹೊರಗೆ ಬಾ. ಮಂಡಿ ಮಡಚಬೇಕಾಗಿ ಬಂದರೆ, ತೊಡೆ ಮಾಸಿಕ್‌ಗೆ ಸಿಕ್ಕಿಕೊಂಡರೆ, ಬೂಟಿನ ತುದಿ ಮುಂದಿನ ಅಡ್ಡಪಟ್ಟಿಗೆ ತಗುಲಿದರೆ, ಎತ್ತಲೇಬೇಕು. ಹತ್ತು ಸಲ ಮಾಡು. ಹತ್ತಕ್ಕೆ ಹತ್ತೂ ಸಲೀಸಾಗಿ ಆಗಬೇಕು, ಒಂಬತ್ತಾದರೂ ಆಗಲಿಲ್ಲ ಎಂದೇ ಲೆಕ್ಕ.

ಎತ್ತುವುದಕ್ಕೆ ಹಳೇ ಮಾಸಿಕ್ ಕೆಳಗೆ ಚೂರು ಸೇರಿಸುವ ತೇಪೆ ಕೆಲಸ ಬೇಡ, ನಿನ್ನನ್ನು ಬಲ್ಲೆ. ಗನ್‌ವೇಲಿನಲ್ಲಿ ಬಡಿದಿರುವ ಮರದ ಗೂಟಗಳನ್ನು ಬೈರಿಗೆಯಲ್ಲಿ ಕೊರೆದು ತೆಗೆ. ಕುಳಿಗಳು ಇದ್ದಲ್ಲೇ ಇರಲಿ, ಕಮಾನಿನ ಬಾಗು ಮಾತ್ರ ಹೆಚ್ಚಾಗಬೇಕು. ಐದು ಮಿಲಿಮೀಟರಿನ ಐದು ಪಟ್ಟಿಗಳನ್ನು ಅಚ್ಚಿನ ಮೇಲೆ ಬಾಗಿಸಿ ನೀರಿಗೆ ಜಗ್ಗದ ಅಂಟಿನಲ್ಲಿ ಕೂಡಿಸು. ಇಡೀ ದೋಣಿಯಲ್ಲಿ ಅಂಟಿಗೆ ಜಾಗ ಇರುವುದು ಇಲ್ಲಿ ಮತ್ತು ಬಾಯಿಯ ಬಳೆಯಲ್ಲಿ. ಅಚ್ಚಿನಿಂದ ತೆಗೆದಾಗ ಕಮಾನು ಸ್ವಲ್ಪ ಬಿಚ್ಚಿಕೊಳ್ಳುತ್ತದೆ, ಅಚ್ಚನ್ನು ಬೇಕಾದ್ದಕ್ಕಿಂತ ಕೊಂಚ ಹೆಚ್ಚೇ ಬಾಗಿಸಿ ಕತ್ತರಿಸಿಕೋ. ಆಮೇಲೆ ಎರಡು ತುದಿಗೆ ನಾಲಗೆ ಕೆತ್ತಿ ಕುಳಿಗೆ ಕೂರಿಸಿ ಹೊಸ ಗೂಟ ಬಡಿ. ಮಾಸಿಕ್ ಎದ್ದರೆ ಅದರಿಂದ ಮುಂದಕ್ಕೆ ಹೋಗುವ ಎರಡು ಡೆಕ್ಕುಪಟ್ಟಿಗಳೂ ಏಳಬೇಕು, ಮುಂದಿನ ಅಡ್ಡಪಟ್ಟಿಯೂ ಹೊಸದಾಗಬೇಕು. ಎರಡು ದಿನದ ಕೆಲಸ. ಬೈದುಕೋ, ಆದರೆ ಮಾಡು.

ಬಟ್ಟೆಯ ಮಾತು ಚುಟುಕಾಗಿ ಹೇಳುತ್ತೇನೆ. ಚದರ ಮೀಟರಿಗೆ 300ರಿಂದ 400 ಗ್ರಾಂ ತೂಗುವ ಬಟ್ಟೆ ತಗೋ. ನೈಲಾನ್ ಉಜ್ಜಾಟಕ್ಕೆ ಗಟ್ಟಿ, ಆದರೆ ತೇವಕ್ಕೆ ಸಡಿಲ. ಅದನ್ನು ಒದ್ದೆ ಮಾಡಿ ಎಳೆದು ಹೊಲಿದರೆ ಒಣಗಿದಾಗ ತಮಟೆಯ ಹಾಗೆ ಬಿಗಿಯುತ್ತದೆ. ಪಾಲಿಯೆಸ್ಟರ್ ತೇವಕ್ಕೆ ಜಗ್ಗುವುದಿಲ್ಲ, ಹೊಲಿದ ಮೇಲೆ ಇಸ್ತ್ರಿಪೆಟ್ಟಿಗೆಯ ಕಾವಿಗೆ ಕುಗ್ಗುತ್ತದೆ. ಕಡಿಮೆ ಕಾವಿನಿಂದ ಶುರು ಮಾಡು, ಒಂದೇ ಕಡೆ ನಿಲ್ಲಿಸಬೇಡ. ಯಾವುದಾದರೂ ಮೊದಲು ಉದ್ದಕ್ಕೆ ಎಳೆ, ಆಮೇಲೆ ಅಡ್ಡಕ್ಕೆ. ತಿರುಗಾಮುರುಗಾ ಮಾಡಿದರೆ ಮೂತಿಯ ಹತ್ತಿರ ಬೀಳುವ ಸುಕ್ಕು ಏನು ಮಾಡಿದರೂ ಹೋಗುವುದಿಲ್ಲ. ಹೊಲಿಗೆ ಡೆಕ್ಕಿನ ನಡುಗೆರೆಯಲ್ಲಿ, ಎರಡೂ ತುದಿಯಿಂದ ಬಾಯಿಯ ಕಡೆಗೆ. ಅಂಚನ್ನು ಎರಡು ಸೆಂಟಿಮೀಟರ್ ಬಿಟ್ಟು ಕತ್ತರಿಸಿ, ಒಳಗೆ ಸುರುಳಿ ಸುತ್ತಿ ಎರಡನೇ ಸುತ್ತು ಹೊಲಿ. ಬಟ್ಟೆಯಲ್ಲಿ ನೀರು ಇಳಿಯದಿರಲು ಎರಡು ಭಾಗ ಬೆರೆಸುವ ಪಾಲಿಯುರಿಥೇನ್ ಬಳಿಯುವುದಾದರೆ ಒಣ ಹವೆಯ ದಿನ ನೋಡಿಕೊಂಡು ಕೂರು, ಗಾಳಿಯ ತೇವಕ್ಕೆ ಅದು ಗುಳ್ಳೆ ಎಬ್ಬಿಸುತ್ತದೆ. ಹಿಂದಿನ ಕೋಟು ಕೈಗೆ ಅಂಟುತ್ತಿರುವಾಗಲೇ ತೆಳ್ಳಗೆ ಮುಂದಿನದು.

ಆಮೇಲೆ ಗಾಳಿಚೀಲ. ಈ ದೋಣಿಯೊಳಗೆ ಅಡ್ಡಗೋಡೆ ಇರುವುದಿಲ್ಲ, ನೀರು ಹೊಕ್ಕರೆ ಮೂತಿಯಿಂದ ಬಾಲದವರೆಗೆ ತುಂಬುತ್ತದೆ. ಮುಂದೊಂದು ಹಿಂದೊಂದು ಚೀಲ ತುರುಕಿ, ಊದಿ, ಹಂದರಕ್ಕೆ ಕಟ್ಟು. ಕಟ್ಟದಿದ್ದರೆ ಬೇಕಾದ ಹೊತ್ತಿಗೆ ಅದು ಹೊರಗೆ ತೇಲಿ ನಿನಗೆ ಕೈಬೀಸುತ್ತದೆ. ಮೊದಲ ದಿನ ಎದೆಮಟ್ಟದ ನೀರು, ಪಕ್ಕದಲ್ಲಿ ನಿಂತ ಒಬ್ಬ ಮನುಷ್ಯ, ಮೈಮೇಲೆ ತೇಲುಜಾಕೀಟು, ಮತ್ತು ಬೇಕೆಂದೇ ಮಗುಚುವುದು. ಪಕ್ಕದಲ್ಲಿ ನಿಲ್ಲಲು ನಾನು ಬರುತ್ತೇನೆ. ನಿಲ್ಲುವುದರಲ್ಲಿ ನನ್ನಷ್ಟು ಅನುಭವ ಯಾರಿಗಿದೆ ಹೇಳು.

ಹೊಸ ಮಾಸಿಕ್ ಕೂರಿಸಿದ ಮೇಲೆ ಫೋಟೋ ಕಳಿಸು. ಅಡಿಹಲಗೆಯಿಂದ ಕಮಾನಿನ ತಳದವರೆಗೆ ಟೇಪು ಹಿಡಿದು, ಅಂಕಿ ಕಾಣುವ ಹಾಗೆ. ನಿನ್ನ ಮುಖ ಬೇಡ.

ಇಂತಿ ನಿನ್ನ,
ಮೂರನೇ ಗಂಟಿನವನು

ತಾ. ಕ.: ಹಂದರಕ್ಕೆ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದಿರುವುದು ಫೋಟೋದಲ್ಲಿ ಕಾಣುತ್ತಿದೆ. ಅದು ತನ್ನಷ್ಟಕ್ಕೇ ಕಾವು ಏರಿ ಹೊತ್ತಿಕೊಳ್ಳುತ್ತದೆ ಕಣೋ. ಈಗಲೇ ಎದ್ದು ಹೋಗಿ ನೀರಲ್ಲಿ ಅದ್ದು, ‘ಹತ್ತು ನಿಮಿಷ’ ಬಿಟ್ಟು ಅಲ್ಲ.