ಪಟ್ಟಿಯಲ್ಲಿ ಲೆನ್ಸ್ ಒಂದೂ ಇಲ್ಲವಲ್ಲ

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ಕೊಳ್ಳಬೇಕೆಂದು ನೀನು ಕಳಿಸಿದ ಕ್ಯಾಮೆರಾ ಪಟ್ಟಿ ನೋಡಿದೆ. ಏಳು ಕ್ಯಾಮೆರಾ ಬರೆದಿದ್ದೀಯ, ಒಂದೊಂದರ ಮುಂದೆಯೂ ಎಷ್ಟು ಮೆಗಾಪಿಕ್ಸೆಲ್ ಅಂತ ಗುರುತು ಹಾಕಿದ್ದೀಯ. ಲೆನ್ಸ್ ಮಾತ್ರ ಒಂದೂ ಇಲ್ಲ. ಕೈಯಲ್ಲಿರುವ ಹಣ ಇಷ್ಟೇ ಅಂದಮೇಲೆ ಪಟ್ಟಿ ಶುರುವಾಗಬೇಕಾದ್ದೇ ಲೆನ್ಸಿನಿಂದ. ಬಾಡಿ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ, ಬೇಗ ಹಳತಾಗುತ್ತದೆ. ಒಳ್ಳೆಯ ಲೆನ್ಸ್ ಎರಡು ಮೂರು ಬಾಡಿ ಬದಲಾದರೂ ನಿನ್ನ ಚೀಲದಲ್ಲೇ ಉಳಿಯುತ್ತದೆ. ಹಣವನ್ನು ನೂರು ಪಾಲು ಮಾಡಿದರೆ ಬಾಡಿಗೆ ಐವತ್ತಕ್ಕಿಂತ ಹೆಚ್ಚು ಹೋಗದಿರಲಿ. ಲೆನ್ಸಿಗೆ ಮೂವತ್ತೈದು, ಉಳಿದ ಹದಿನೈದು ಕಾರ್ಡು, ಇನ್ನೊಂದು ಬ್ಯಾಟರಿ, ಧೂಳು ಊದುವ ಬ್ಲೋವರ್, ಚೀಲಕ್ಕೆ. ಹಾಗೆ ಮಾಡಬೇಕಾದರೆ ಬಾಡಿ ಸೆಕೆಂಡ್ ಹ್ಯಾಂಡ್ ಆಗಬೇಕಾಗುತ್ತದೆ, ಆಗಲಿ.

ಮೆಗಾಪಿಕ್ಸೆಲ್ ಲೆಕ್ಕ ಬಿಟ್ಟುಬಿಡು. 24 ಮೆಗಾಪಿಕ್ಸೆಲ್ ಅಂದರೆ 6000 ಚುಕ್ಕೆ ಅಡ್ಡ, 4000 ಚುಕ್ಕೆ ಉದ್ದ. ಇಂಚಿಗೆ 300 ಚುಕ್ಕೆಯಂತೆ ಪ್ರಿಂಟ್ ಹಾಕಿಸಿದರೂ 20 ಇಂಚು ಅಗಲದ ಚಿತ್ರ. ಹಳೆಯ 16 ಮೆಗಾಪಿಕ್ಸೆಲ್ ಬಾಡಿಯಲ್ಲೂ 15 ಇಂಚು ಸಿಗುತ್ತದೆ. ಹವ್ಯಾಸಕ್ಕೆ ಇದು ಧಾರಾಳ.

ನೋಡಬೇಕಾದ್ದು ಸೆನ್ಸರಿನ, ಅಂದರೆ ಬಾಡಿಯೊಳಗೆ ಬೆಳಕು ಹಿಡಿಯುವ ಚಿಪ್ಪಿನ, ಅಳತೆ. ಫುಲ್ ಫ್ರೇಮ್ 36×24 ಮಿ.ಮೀ. ಎಪಿಎಸ್-ಸಿ ಸುಮಾರು 23.5×15.6, ಕ್ಯಾನನ್‌ನದು ತುಸು ಚಿಕ್ಕದು, 22.3×14.9. ಮೈಕ್ರೋ ಫೋರ್ ಥರ್ಡ್ಸ್ 17.3×13. ಲೆನ್ಸಿನ ಮೇಲೆ ಬರೆದ ಮಿ.ಮೀ. ಅನ್ನು ಕ್ರಮವಾಗಿ 1, 1.5 (ಕ್ಯಾನನ್‌ಗೆ 1.6), 2ರಿಂದ ಗುಣಿಸು, ಆಗ ನೋಟ ಎಷ್ಟು ಅಗಲ ಅಂತ ಒಂದೇ ತಕ್ಕಡಿಯಲ್ಲಿ ತೂಗಬಹುದು (ಅಂಕಿ ಚಿಕ್ಕದಾದಷ್ಟೂ ನೋಟ ಅಗಲ). ಫುಲ್ ಫ್ರೇಮಿನ 50, ಎಪಿಎಸ್-ಸಿಯ 35, ಮೈಕ್ರೋ ಫೋರ್ ಥರ್ಡ್ಸಿನ 25, ಮೂರರ ನೋಟವೂ ಹೆಚ್ಚುಕಡಿಮೆ ಒಂದೇ. ಹಳೆಯ ಫುಲ್ ಫ್ರೇಮ್ ಬಾಡಿ ಅಗ್ಗಕ್ಕೆ ಸಿಕ್ಕಿತು ಅಂತ ಮರುಳಾಗಬೇಡ. ಅದಕ್ಕೆ ಹೊಂದುವ ಲೆನ್ಸ್ ತೂಕದಲ್ಲೂ ಬೆಲೆಯಲ್ಲೂ ಮೂಗಿಗಿಂತ ಮೂಗುತಿ ಭಾರ ಅನ್ನುವ ಹಾಗೆ ಇರುತ್ತದೆ. ನಿನಗೆ ಎಪಿಎಸ್-ಸಿ ಸರಿ. ತೂಕವೇ ತೊಂದರೆ ಅನ್ನುವುದಾದರೆ ಮೈಕ್ರೋ ಫೋರ್ ಥರ್ಡ್ಸ್.

ಈಗ ಬೆಳಕಿನ ಲೆಕ್ಕ. ಇದನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡು. ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ತೆರೆಯುತ್ತದೆ, ಹೆಚ್ಚು ಬೆಳಕು ಒಳಗೆ ಬರುತ್ತದೆ. ಬಾಡಿಯ ಜೊತೆ ಬರುವ ಕಿಟ್ ಜೂಮ್ ಪೂರ್ತಿ ಎಳೆದಾಗ ಸಾಮಾನ್ಯವಾಗಿ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಸಣ್ಣದೊಂದು ಪ್ರೈಮ್ ಲೆನ್ಸ್, ಅಂದರೆ ಜೂಮ್ ಆಗದ್ದು, ಎಫ್ 1.8ಕ್ಕೆ ತೆರೆಯುತ್ತದೆ. 5.6 ಭಾಗಿಸು 1.8, ಬಂದದ್ದನ್ನು ಅದರಿಂದಲೇ ಗುಣಿಸು: 9.7. ಅಂದರೆ ಸುಮಾರು ಹತ್ತು ಪಟ್ಟು ಬೆಳಕು. ಸಂಜೆ ಮನೆಯೊಳಗೆ ಮಗು ಆಡುತ್ತಿದೆ, ಶಟರ್ 1/125 ಸೆಕೆಂಡು ಬೇಕೇ ಬೇಕು ಅಂದುಕೋ. ಕಿಟ್ ಜೂಮ್ ಐಎಸ್‌ಒ (ಕಡಿಮೆ ಬೆಳಕನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ಅಂಕಿ) 6400 ಕೇಳುವ ಕಡೆ ಪ್ರೈಮಿಗೆ 640 ಸಾಕು. ಮೊದಲನೆಯದರಲ್ಲಿ ಕೆನ್ನೆಯ ಮೇಲೆಲ್ಲ ಮರಳು ಚೆಲ್ಲಿದ ಹಾಗೆ ನಾಯ್ಸ್, ಎರಡನೆಯದರಲ್ಲಿ ಚರ್ಮ ಚರ್ಮದ ಹಾಗೇ. ಇಷ್ಟು ವ್ಯತ್ಯಾಸ ಯಾವ ಹೊಸ ಬಾಡಿ ಕೊಂಡರೂ ಬರುವುದಿಲ್ಲ.

ಆದರೆ ತೆರೆದಷ್ಟೂ ಒಳ್ಳೆಯದು ಅಂತಲೂ ಅಲ್ಲ. ಎಪಿಎಸ್-ಸಿ ಬಾಡಿಯಲ್ಲಿ 35 ಮಿ.ಮೀ. ಎಫ್ 1.8, ಒಂದು ಮೀಟರ್ ದೂರದ ಮುಖ: ಸ್ಪಷ್ಟವಾಗಿ ಬರುವ ಆಳ ಸುಮಾರು 6 ಸೆಂ.ಮೀ. ಅಷ್ಟೇ. ಕಣ್ಣಿಗೆ ಫೋಕಸ್ ಕೂತರೆ ಕಿವಿ ಮಸುಕು. ಇಬ್ಬರು ಅಕ್ಕಪಕ್ಕ ಒಂದು ಗೇಣು ಹಿಂದೆಮುಂದೆ ನಿಂತಿದ್ದರೆ ಒಬ್ಬರು ಹೋದರು. ಅಂಥ ಕಡೆ ಒಂದು ಹೆಜ್ಜೆ ಹಿಂದೆ ಸರಿದು ಎಫ್ 4ಕ್ಕೆ ಇಳಿಸು.

ಸ್ಟೆಬಿಲೈಸೇಶನ್ ಬಗ್ಗೆ ನೀನು ಕೇಳಿದ್ದೆ. ಅದು ನಿನ್ನ ಕೈಯ ನಡುಕ ತಡೆಯುತ್ತದೆ, ಎದುರಿಗೆ ಓಡುವ ಮಗುವನ್ನು ನಿಲ್ಲಿಸುವುದಿಲ್ಲ. ಓಡುವವರಿಗೆ 1/500 ಬೇಕು, ಅದಕ್ಕೆ ಬೆಳಕೇ ಬೇಕು. ಕಟ್ಟಡ, ದೇವಸ್ಥಾನದ ಒಳಗಿನ ಕಂಬ, ನಿಂತ ವಸ್ತುಗಳನ್ನೇ ತೆಗೆಯುವವಳಾದರೆ ಸ್ಟೆಬಿಲೈಸೇಶನ್‌ಗೆ ಹಣ ಕೊಡು.

ಯಾವ ಲೆನ್ಸ್ ಅನ್ನುವುದನ್ನು ಊಹಿಸಬೇಡ, ಎಣಿಸು. ಕಿಟ್ ಜೂಮ್ ಜೊತೆಗೆ ಬಂದರೆ ಒಂದು ತಿಂಗಳು ಅದರಲ್ಲೇ ತೆಗಿ. ನಿನಗೆ ಇಷ್ಟವಾದ ಇನ್ನೂರು ಚಿತ್ರ ಆರಿಸಿ ಪ್ರತಿಯೊಂದರ ವಿವರದಲ್ಲಿ ಎಷ್ಟು ಮಿ.ಮೀ. ಅಂತ ನೋಡು. ಹೆಚ್ಚಿನವು 16-18ರಲ್ಲಿ ಗುಂಪಾಗಿದ್ದರೆ ನಿನಗೆ ಅಗಲದ ಲೆನ್ಸ್ ಬೇಕು. 30-35ರಲ್ಲಿದ್ದರೆ ಸಾಮಾನ್ಯ ಪ್ರೈಮ್. 50ರ ತುದಿಗೆ ಬಂದು ನಿಂತಿದ್ದರೆ 56ರಂಥ ಪೋರ್ಟ್ರೇಟ್ (ಮುಖಚಿತ್ರದ) ಲೆನ್ಸ್. ಸಿಗ್ಮಾ ಕಂಪನಿಯ 16, 30, 56 ಮಿ.ಮೀ. ಮೂರೂ ಎಫ್ 1.4, ಸೋನಿ ಇ, ಫ್ಯೂಜಿ ಎಕ್ಸ್, ನಿಕಾನ್ ಝಡ್, ಕ್ಯಾನನ್ ಆರ್‌ಎಫ್, ಮೈಕ್ರೋ ಫೋರ್ ಥರ್ಡ್ಸ್ ಐದೂ ಮೌಂಟಿಗೆ (ಬಾಡಿಯಲ್ಲಿ ಲೆನ್ಸ್ ಕೂರುವ ಬಾಯಿಗೆ) ಸಿಗುತ್ತವೆ. ಒಂದೇ ಲೆನ್ಸಿನಲ್ಲಿ ಎಲ್ಲ ಆಗಲಿ ಅನ್ನುವುದಾದರೆ ಅದೇ ಕಂಪನಿಯ 18-50 ಎಫ್ 2.8, ಅದರೊಳಗೆ ಸ್ಟೆಬಿಲೈಸೇಶನ್ ಇಲ್ಲ ಅನ್ನುವುದು ನೆನಪಿರಲಿ. ಹಕ್ಕಿಯ ಆಸೆ ಇದ್ದರೆ ಫುಲ್ ಫ್ರೇಮ್ ಲೆಕ್ಕದಲ್ಲಿ 400 ಮಿ.ಮೀ. ಆದರೂ ಬೇಕು. ಅದು ಬೇರೆಯೇ ಖರ್ಚು, ಈಗ ಬೇಡ.

ಮೌಂಟ್ ವಿಷಯದಲ್ಲಿ ಕೈ ಸುಟ್ಟುಕೊಳ್ಳುವವರು ಹೆಚ್ಚು. ನಿನ್ನ ಪಟ್ಟಿಯ ಮೂರನೆಯದು ಕ್ಯಾನನ್ ಎಂ50, 2018ರದು, ಇಎಫ್-ಎಂ ಮೌಂಟ್. ಕ್ಯಾಮೆರಾ ಚೆನ್ನಾಗಿದೆ, ಆದರೆ ಆ ಸಾಲು ನಿಂತುಹೋಯಿತು. ಮುಂದೆ ಕ್ಯಾನನ್ ಆರ್ ಸಾಲಿಗೆ ಹೋದಾಗ ಆ ಲೆನ್ಸ್ ಕೂರುವುದೇ ಇಲ್ಲ. ಕಾರಣ ಸರಳ: ಮೌಂಟಿನಿಂದ ಸೆನ್ಸರಿಗೆ ಇಎಫ್-ಎಂನಲ್ಲಿ 18 ಮಿ.ಮೀ., ಆರ್‌ಎಫ್‌ನಲ್ಲಿ 20. ಲೆನ್ಸ್ ಇರಬೇಕಾದ್ದಕ್ಕಿಂತ ಆಗಲೇ 2 ಮಿ.ಮೀ. ದೂರ ಹೋಗಿರುತ್ತದೆ, ಲೆನ್ಸಿಗೂ ಬಾಡಿಗೂ ನಡುವೆ ಹಾಕುವ ಅಡಾಪ್ಟರ್ ಬಳೆ ದೂರ ಕೂಡಿಸಬಲ್ಲದು, ಕಳೆಯಲಾರದು. ಕನ್ನಡಿ ಇರುವ ಹಳೆಯ ಕ್ಯಾನನ್ ಕ್ಯಾಮೆರಾದ ಇಎಫ್ ಲೆನ್ಸಿಗೆ ಬೇಕಾದ್ದು 44 ಮಿ.ಮೀ.; ಅದಕ್ಕೇ 24 ಮಿ.ಮೀ. ದಪ್ಪದ ಅಡಾಪ್ಟರ್ ಹಾಕಿ ಆರ್ ಬಾಡಿಗೆ ಜೋಡಿಸಬಹುದು. ನಿಕಾನ್ 1, ಸ್ಯಾಮ್‌ಸಂಗ್ ಎನ್‌ಎಕ್ಸ್ ಕೂಡ ನಿಂತುಹೋದ ಮೌಂಟುಗಳೇ, ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ.

ಉಳಿದವುಗಳಲ್ಲಿ ಸೋನಿ ಎ6000 2014ರದಾದರೂ 24 ಮೆಗಾಪಿಕ್ಸೆಲ್, ಫೋಕಸ್ ಚುರುಕು. ಪರದೆ ಮುಟ್ಟಿದರೆ ಕೇಳುವುದಿಲ್ಲ, ಬಾಡಿಯೊಳಗೆ ಸ್ಟೆಬಿಲೈಸೇಶನ್ ಇಲ್ಲ. ಹಣ ಹೊಂದಿದರೆ 2019ರ ಎ6400. ಕಣ್ಣು ಹಿಡಿದು ಬಿಡದ ಫೋಕಸ್ ಅದರದ್ದು, ಮಕ್ಕಳನ್ನು ತೆಗೆಯುವವರಿಗೆ ಇದೊಂದೇ ಸಾಕು ಕೊಳ್ಳುವುದಕ್ಕೆ. ಇ ಮೌಂಟಿಗೆ ಹಳೆಯ ಲೆನ್ಸುಗಳೂ ಬೇಕಾದಷ್ಟು. ನಿಕಾನ್ ಝಡ್50 ಹಿಡಿಯಲು ಬಹಳ ಹಿತ. ಕ್ಯಾನನ್ ಆರ್50 ಹೊಸಬರಿಗೆ ಸುಲಭ. ಅದೇ ಸಾಲಿನ ಆರ್100ರಲ್ಲಿ ಪರದೆ ಮಡಚುವುದೂ ಇಲ್ಲ, ಮುಟ್ಟಿದರೆ ಕೇಳುವುದೂ ಇಲ್ಲ, ಬಿಡು. ಒಲಿಂಪಸ್ ಇ-ಎಂ10 ಸಾಲಿನಲ್ಲಿ ಸ್ಟೆಬಿಲೈಸೇಶನ್ ಬಾಡಿಯಲ್ಲೇ ಇದೆ, 45 ಎಫ್ 1.8ರಂಥ ಪುಟಾಣಿ ಲೆನ್ಸುಗಳಿವೆ. ಫೋಕಸ್ ಮಾತ್ರ ಕಾಂಟ್ರಾಸ್ಟ್ ನೋಡಿ ಹುಡುಕುವ ಬಗೆ, ನಿನ್ನ ಕಡೆಗೇ ಓಡಿ ಬರುವ ನಾಯಿಯ ಮುಂದೆ ಅದು ಹಿಂದೆಮುಂದೆ ತಡಕಾಡುತ್ತದೆ. ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ಇಲ್ಲದ ಬಾಡಿಗಳು, ಸೋನಿ ಝಡ್‌ವಿ-ಇ10, ನಿಕಾನ್ ಝಡ್30, ವಿಡಿಯೋದವರಿಗೆ. ಬಿಸಿಲಲ್ಲಿ ಹಿಂದಿನ ಪರದೆ ನೋಡಿ ಫೋಟೋ ತೆಗೆಯುವುದು ಯಾತನೆ.

ಹಳೆಯದು ಕೊಳ್ಳುವಾಗ ಅರ್ಧ ಗಂಟೆ ತೆಗೆದುಕೋ, ಮಾರುವವರು ಅವಸರ ಮಾಡಿದರೆ ಎದ್ದು ಬಾ. ನಿನ್ನದೇ ಕಾರ್ಡು, ಒಂದು ಟಾರ್ಚು ಒಯ್ಯಿ. ಐಎಸ್‌ಒ 100, ಎಫ್ 16 ಇಟ್ಟು ಫೋಕಸ್ ಬೇಕೆಂದೇ ತಪ್ಪಿಸಿ ಬಿಳಿ ಗೋಡೆ ತೆಗಿ. ಮಸುಕಾದ ಬೂದು ಚುಕ್ಕೆಗಳು ಸೆನ್ಸರ್ ಮೇಲಿನ ಧೂಳು. ಬ್ಲೋವರ್ ಊದಿ ಮತ್ತೆ ತೆಗೆದರೆ ಧೂಳು ಜಾಗ ಬದಲಿಸುತ್ತದೆ ಅಥವಾ ಹೋಗುತ್ತದೆ, ಗೀರು ಇದ್ದಲ್ಲೇ ಇರುತ್ತದೆ. ಗೀರಿದ್ದರೆ ಮಾತು ಮುಗಿಯಿತು. ಆಮೇಲೆ ಮೆಕ್ಯಾನಿಕಲ್ ಶಟರ್‌ನಲ್ಲಿ 1/2000ಕ್ಕೆ ಇಪ್ಪತ್ತು ಸಲ ಒತ್ತು. ಯಾವುದರಲ್ಲಾದರೂ ಒಂದು ಅಂಚು ಕಪ್ಪಾಗಿ ಬಂದರೆ ಶಟರ್ ಪರದೆ ಸೋತಿದೆ. ಡಯಲ್ ನಿಧಾನ ತಿರುಗಿಸು, ಒಂದು ಕ್ಲಿಕ್ಕಿಗೆ ಎರಡು ಹೆಜ್ಜೆ ಹಾರಿದರೆ ಒಳಗೆ ಸವೆದಿದೆ. ಬ್ಯಾಟರಿ ಸಲೀಸಾಗಿ ಹೊರಗೆ ಬರಬೇಕು, ಬಿಗಿದರೆ ಊದಿಕೊಂಡಿದೆ.

ಲೆನ್ಸಿನ ಹಿಂದಿನಿಂದ ಟಾರ್ಚು ಬಿಟ್ಟು ಮುಂದಿನಿಂದ ಓರೆಯಾಗಿ ನೋಡು. ನಾಲ್ಕು ಕಣ ಧೂಳಿಗೆ ಹೆದರಬೇಡ, ಚಿತ್ರದಲ್ಲಿ ಕಾಣುವುದಿಲ್ಲ. ಜೇಡರ ಬಲೆಯ ಎಳೆಯಂಥದ್ದು ಕಂಡರೆ ಅದು ಬೂಸ್ಟು, ಗಾಜಿನ ಲೇಪವನ್ನೇ ತಿನ್ನುತ್ತದೆ. ಕೊನೆಗೆ ಇಟ್ಟಿಗೆ ಗೋಡೆಗೆ ನೇರ ನಿಂತು ಎಫ್ 4ರಲ್ಲಿ ತೆಗೆದು ನಾಲ್ಕು ಮೂಲೆ ದೊಡ್ಡದು ಮಾಡಿ ನೋಡು. ನಾಲ್ಕೂ ಒಂದೇ ಸಮ ಮಸುಕಾಗಿದ್ದರೆ ಅದು ಲೆನ್ಸಿನ ಗುಣ. ಒಂದೇ ಮೂಲೆ ಮಸುಕಾಗಿದ್ದರೆ ಲೆನ್ಸ್ ಎಲ್ಲೋ ಬಿದ್ದು ಒಳಗಿನ ಗಾಜು ಓರೆಯಾಗಿರಬಹುದು, ಅದು ಬೇಡ.

ಕಾರ್ಡು ವಿ30 ಗುರುತಿನದು ಸಾಕು, ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುತ್ತದೆ. ಇಂಥ ಬಾಡಿಗಳಲ್ಲಿ ಒಂದು ಬ್ಯಾಟರಿಗೆ ಮುನ್ನೂರು ನಾನ್ನೂರು ಚಿತ್ರ, ಅದಕ್ಕೇ ಎರಡನೆಯದು. ಸೆನ್ಸರ್ ಮೇಲೆ ಬಾಯಿಂದ ಊದಬೇಡ, ಎಂಜಲು ಹನಿ ಕೂರುತ್ತದೆ. ಸ್ಪ್ರೇ ಡಬ್ಬಿಯ ಗಾಳಿಯೂ ಬೇಡ, ಒಳಗಿನ ದ್ರವ ಚಿಮ್ಮಿ ಕಲೆ ಬೀಳುತ್ತದೆ. ಲೆನ್ಸನ್ನು ಚರ್ಮದ ಕೇಸಿನಲ್ಲಿ ಮುಚ್ಚಿ ವರ್ಷಗಟ್ಟಲೆ ಇಡಬೇಡ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ತೇವ 40ರಿಂದ 50 ಶೇಕಡಾ. ಎಲ್‌ಇಡಿ ದೀಪದ ಕೆಳಗೆ ಚಿತ್ರದಲ್ಲಿ ಪಟ್ಟೆ ಪಟ್ಟೆ ಬಂದರೆ ಕ್ಯಾಮೆರಾ ಕೆಟ್ಟಿಲ್ಲ, ಎಲೆಕ್ಟ್ರಾನಿಕ್ ಶಟರ್ ಆನ್ ಆಗಿರಬಹುದು, ಮೆಕ್ಯಾನಿಕಲ್‌ಗೆ ಬದಲಿಸು.

ಪಟ್ಟಿ ತಿದ್ದಿ ಕಳಿಸು. ಈ ಸಲ ಎಡಗಡೆ ಲೆನ್ಸ್ ಬರಿ, ಬಲಗಡೆ ಬಾಡಿ.

ಇತಿ,
ನಿನ್ನ ಮಾವ