ಕಿರಿಯರ ಕೋಡ್ ಓದಲು ಯಾರಿಗೂ ಪುರುಸೊತ್ತಿಲ್ಲವೇ?

ಮಾನ್ಯ ಸಂಪಾದಕರೇ,

"ಈಗಿನ ಇಂಜಿನಿಯರಿಂಗ್ ಮಕ್ಕಳ ಹತ್ತಿರ ಸರ್ಟಿಫಿಕೇಟ್ ಉಂಟು, ಕೆಲಸ ಮಾತ್ರ ಗೊತ್ತಿಲ್ಲ." ಮದುವೆ ಮನೆಯ ಹಂತಿಯಿಂದ ಹಿಡಿದು ಪತ್ರಿಕೆಯ ಅಂಕಣದವರೆಗೆ ಈ ಮಾತು ಕೇಳಿಸುತ್ತಲೇ ಇರುತ್ತದೆ. ಪೂರ್ತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಅದು ಅರ್ಧ ಮಾತು. ಉಳಿದ ಅರ್ಧ, ಅಂದರೆ ಕೆಲಸಕ್ಕೆ ಸೇರಿದ ಕಿರಿಯರ ಕೆಲಸವನ್ನು ಓದಿ ಕಲಿಸುವವರು ಇಲ್ಲ ಎಂಬುದನ್ನು, ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ. ನನ್ನ ಊರು ಕೇರಳಕ್ಕೆ ಸೇರಿದ ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದ ಹತ್ತಿರ. ಮಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ ಇದು ಮೂರನೇ ವರ್ಷ. ಅನುಭವ ಕಡಿಮೆಯೇ. ಆದರೆ ಮೊದಲ ಎರಡು ವರ್ಷ ಹೇಗಿರುತ್ತದೆ ಎಂಬುದು ದೊಡ್ಡ ಹುದ್ದೆಯಲ್ಲಿರುವವರಿಗೆ ಮರೆತು ಹೋಗಿರುತ್ತದೆ, ಅಲ್ವಾ?

ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ನಮ್ಮ ಶಾಲೆಯ ಲ್ಯಾಬಿನಲ್ಲಿ ಉಬುಂಟು ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಇತ್ತು, ಕೇರಳದ ಐಸಿಟಿ (ಕಂಪ್ಯೂಟರ್ ಪಾಠದ) ಪುಸ್ತಕ ಕನ್ನಡದಲ್ಲೇ ಇತ್ತು, ಹೈಸ್ಕೂಲಿನಲ್ಲೇ ಕಂಪ್ಯೂಟರ್ ಭಾಷೆಯಾದ ಪೈಥಾನ್‌ನಲ್ಲಿ ನಾಲ್ಕು ಸಾಲು ಕೋಡ್, ಅಂದರೆ ಕಂಪ್ಯೂಟರಿಗೆ ಕೊಡುವ ಸೂಚನೆ, ಬರೆದು ಓಡಿಸಿದ್ದೆವು. ಅಲ್ಲಿಂದ ಆಸೆ ಹುಟ್ಟಿತು. ಹೊರನಾಡು ಗಡಿನಾಡು ಕನ್ನಡಿಗರಿಗೆ ನಡೆಸುವ ಕನ್ನಡ ಪರೀಕ್ಷೆ ಬರೆದು, ಸಿಇಟಿಯಲ್ಲಿ ಸೀಟು ತೆಗೆದುಕೊಂಡು 2019ರಲ್ಲಿ ಕಾಲೇಜು ಸೇರಿದೆ. ಮಾರ್ಚ್ 2020ರಲ್ಲಿ ಕೊರೊನಾ ಬಂದು ತಲಪಾಡಿಯಲ್ಲಿ ಕೇರಳ ಕರ್ನಾಟಕ ಗಡಿ ಮುಚ್ಚಿತು. ಮುಂದಿನ ಸುಮಾರು ಎರಡು ವರ್ಷದ ಹೆಚ್ಚಿನ ಲ್ಯಾಬ್‌ಗಳನ್ನು ನಾನು ಮನೆ ಹಿಂದಿನ ಗುಡ್ಡೆಯ ಮೇಲೆ, ನೆಟ್‌ವರ್ಕ್ ಸಿಗುವ ಗೇರು ಮರದ ಬುಡದಲ್ಲಿ, ಮೊಬೈಲಿನ ಪರದೆಯಲ್ಲಿ ನೋಡಿದೆ. ನೋಡಿದೆ ಅಷ್ಟೇ. ಮಾಡಲಿಲ್ಲ. ನಮ್ಮ ಬ್ಯಾಚಿನ ಎಷ್ಟೋ ಜನರ ಕಥೆ ಇದೇ.

ಮೊದಲ ಕೆಲಸ ಒಂದು ಸಣ್ಣ ಕಂಪನಿಯಲ್ಲಿ. ಹೆಸರು ಬೇಡ. ಸಹಕಾರಿ ಸಂಘಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದರು. ಸೇರಿದ ಎರಡನೇ ವಾರ ನನಗೆ ಒಂದು ಟಿಕೆಟ್, ಅಂದರೆ ಮಾಡಿಕೊಡಬೇಕಾದ ಕೆಲಸದ ಚೀಟಿ, ಬಂತು. ಠೇವಣಿಯ ಬಡ್ಡಿ ಲೆಕ್ಕದಲ್ಲಿ ಒಂದು ಬದಲಾವಣೆ ಮಾಡಬೇಕಿತ್ತು: ಬಡ್ಡಿಯನ್ನು ದಿನದಿನವೂ ಹತ್ತಿರದ ಪೈಸೆಗೆ ರೌಂಡ್ ಮಾಡುವುದು ಬೇಡ, ಕೊನೆಗೆ ಒಮ್ಮೆ ಮಾಡಿದರೆ ಸಾಕು. ಫೈಲ್ ತೆರೆದೆ. ಮೂರು ಸಾವಿರಕ್ಕೂ ಜಾಸ್ತಿ ಸಾಲು. ಲೆಕ್ಕದ ಸಂಖ್ಯೆಗಳನ್ನು ಇಟ್ಟುಕೊಳ್ಳುವ ವೇರಿಯೇಬಲ್‌ಗಳ ಹೆಸರು ಎ1, ಎ2, ಟೆಂಪ್, ಟೆಂಪ್‌ನ್ಯೂ, ಟೆಂಪ್‌ಫೈನಲ್. ಬರೆದವರು ಕೆಲಸ ಬಿಟ್ಟು ಹೋಗಿ ವರ್ಷಗಳಾಗಿದ್ದವು. ಯಾರನ್ನಾದರೂ ಕೇಳೋಣ ಎಂದರೆ ಎಲ್ಲರೂ ಡೆಡ್‌ಲೈನ್‌ನಲ್ಲಿ. "ಓಡುತ್ತದಾ ನೋಡು, ಓಡಿದರೆ ಪುಶ್ ಮಾಡು" ಎಂದರು. ತಿದ್ದಿದೆ. ಓಡಿತು. ಪುಶ್ ಮಾಡಿದೆ, ಅಂದರೆ ತಿದ್ದಿದ್ದನ್ನು ಕಂಪನಿಯ ಮೂಲ ಕೋಡಿಗೆ ಸೇರಿಸಿದೆ.

ಅದೇ ಬಡ್ಡಿಯ ಲೆಕ್ಕ ಇನ್ನೂ ಎರಡು ಕಡೆ ಇತ್ತು. ಪಾಸ್‌ಬುಕ್ ಪ್ರಿಂಟ್‌ನಲ್ಲಿ ಒಂದು, ತಿಂಗಳ ವರದಿಯಲ್ಲಿ ಒಂದು. ಯಾರೋ ಕಾಪಿ ಮಾಡಿ ಅಂಟಿಸಿದ್ದು. ನಾನು ತಿದ್ದಿದ್ದು ಲೆಡ್ಜರ್‌ನಲ್ಲಿ ಮಾತ್ರ. ಶೇಕಡಾ 7ರ ಬಡ್ಡಿಗೆ ಇಟ್ಟ 10,000 ರೂಪಾಯಿಗೆ ವರ್ಷಕ್ಕೆ 700 ರೂಪಾಯಿ ಆಗಬೇಕು. ದಿನಕ್ಕೆ 1.9178 ಬರುತ್ತದೆ. ಅದನ್ನು ದಿನದಿನವೂ 1.92 ಮಾಡಿ 365 ಸಲ ಕೂಡಿಸಿ ನೋಡಿ, 700.80 ಆಗುತ್ತದೆ. 80 ಪೈಸೆ ಜಾಸ್ತಿ. ಒಂದು ಖಾತೆಗೆ 80 ಪೈಸೆ ಏನೂ ಅಲ್ಲ ಅನ್ನಿಸಬಹುದು. ಆದರೆ ಲೆಡ್ಜರ್ ಒಂದು ಹೇಳುತ್ತದೆ, ಪಾಸ್‌ಬುಕ್ ಇನ್ನೊಂದು ಹೇಳುತ್ತದೆ, ಸಂಘದಲ್ಲಿ ನೂರಾರು ಖಾತೆ. ಒಂದು ಶನಿವಾರ ರಾತ್ರಿ ಆ ಸಂಘದ ಗುಮಾಸ್ತರಿಂದ ಫೋನ್ ಬಂತು. ರಾತ್ರಿ ಎಂಟು ಗಂಟೆಯವರೆಗೆ ಅವರು ಕ್ಯಾಲ್ಕುಲೇಟರ್ ಹಿಡಿದು, ರೂಲು ಪುಸ್ತಕದಲ್ಲಿ ಗೆರೆ ಎಳೆದು, ಒಂದೊಂದೇ ಖಾತೆ ತಾಳೆ ನೋಡಿದ್ದರು. ಕೊನೆಯ ಬಸ್ಸು ತಪ್ಪುತ್ತದೆ ಎಂಬ ಗಾಬರಿ ಅವರ ಧ್ವನಿಯಲ್ಲಿ ಇತ್ತು. "ತಪ್ಪು ನನ್ನದಾ ನಿಮ್ಮದಾ ಅಂತ ಮಾತ್ರ ಹೇಳಿ" ಎಂದರು. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ.

ತಪ್ಪು ನನ್ನದೇ. ನಾನು ಹುಡುಕಬೇಕಿತ್ತು. ಆದರೆ ನಾನು ಬದಲಿಸಿದ್ದು ಹನ್ನೊಂದು ಸಾಲು. ಆ ಸಾಫ್ಟ್‌ವೇರ್ ತಿಳಿದ ಒಬ್ಬರು ಹತ್ತು ನಿಮಿಷ ಅದನ್ನು ಓದಿದ್ದರೆ, "ಇದು ಇನ್ನೂ ಎರಡು ಕಡೆ ಉಂಟಲ್ಲ" ಎಂದು ಹೇಳುತ್ತಿದ್ದರು. ಸೋಮವಾರ ನಾನು ಮೂರನ್ನೂ ಒಂದೇ ಫಂಕ್ಷನ್, ಅಂದರೆ ಒಂದು ಕಡೆ ಬರೆದು ಮೂರು ಕಡೆಯೂ ಬಳಸುವ ಲೆಕ್ಕ, ಮಾಡುತ್ತೇನೆ ಎಂದು ಕೇಳಿದೆ. "ಅದೆಲ್ಲ ಈಗ ಬೇಡ, ಉಳಿದ ಎರಡು ಕಡೆಯೂ ತಿದ್ದು, ಮುಗಿಸು" ಎಂದರು. ಮುಗಿಸಿದೆ. ಅದು ಈಗಲೂ ಮೂರು ಕಡೆ ಇರಬಹುದು.

1992ರಲ್ಲಿ ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬ ಅಮೆರಿಕದ ಪ್ರೋಗ್ರಾಮರ್ ಇಂಥದ್ದಕ್ಕೆ ಸಾಲದ ಹೋಲಿಕೆ ಕೊಟ್ಟರು. ಅವರೂ ಹಣಕಾಸಿನ ಸಾಫ್ಟ್‌ವೇರ್ ಬರೆಯುತ್ತಿದ್ದವರೇ. ಅವಸರಕ್ಕೆ ಬರೆದ ಕೋಡ್ ಸಾಲ ತಂದಂತೆ, ಬೇಗ ತಿದ್ದಿ ಬರೆದರೆ ತೊಂದರೆ ಇಲ್ಲ, ಬಿಟ್ಟರೆ ಬಡ್ಡಿ ಏರುತ್ತದೆ ಎಂದರು. ನನಗೆ ಇದಕ್ಕೆ ಒಂದು ಮಾತು ಸೇರಿಸಬೇಕು ಅನ್ನಿಸುತ್ತದೆ. ನಮ್ಮಲ್ಲಿ ಸಾಲ ತಂದವರು ಬೇರೆ ಕಂಪನಿಗೆ ಹೋಗಿರುತ್ತಾರೆ, ಬಡ್ಡಿ ಕಟ್ಟಲು ಕೂತವರು ನಿನ್ನೆ ಸೇರಿದ ಹುಡುಗ ಹುಡುಗಿಯರು.

ನಮ್ಮ ಅಪ್ಪ ಅಡಿಕೆಗೆ ಮದ್ದು ಬಿಡುವುದನ್ನು ನೋಡಿಯೇ ನಾನು ಬೆಳೆದದ್ದು. ಮಳೆ ಹಿಡಿಯುವ ಮೊದಲು ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಕಲಸಿದ ಕೂಡಲೇ ಮರಕ್ಕೆ ಬಿಡುವುದಿಲ್ಲ. ತಿಕ್ಕಿ ಹೊಳೆಯುವ ಚೂರಿಯೊಂದನ್ನು ಸ್ವಲ್ಪ ಹೊತ್ತು ದ್ರಾವಣದಲ್ಲಿ ಅದ್ದಿ ಹಿಡಿಯುತ್ತಾರೆ. ಚೂರಿಗೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು ಎಂದು ಅರ್ಥ, ಇನ್ನಷ್ಟು ಸುಣ್ಣ ಹಾಕಬೇಕು, ಇಲ್ಲದಿದ್ದರೆ ಕೊಳೆರೋಗಕ್ಕೆ ಕೊಡುವ ಮದ್ದೇ ಗೊನೆಯನ್ನು ಸುಡುತ್ತದೆ. ಎಷ್ಟೇ ಅವಸರ ಇರಲಿ, ಮೋಡ ಕಟ್ಟಿರಲಿ, ಮರ ಹತ್ತುವವರು ಕಾಯುತ್ತಿರಲಿ, ಆ ಚೂರಿ ಅದ್ದದೆ ಅಪ್ಪ ಪಂಪಿಗೆ ಕೈ ಹಾಕುವುದಿಲ್ಲ. ಸಾಫ್ಟ್‌ವೇರ್‌ನಲ್ಲಿ ನಾವು ಟೆಸ್ಟ್ ಎನ್ನುವುದು ಇದನ್ನೇ. 10,000 ರೂಪಾಯಿ, ಶೇಕಡಾ 7, ಒಂದು ವರ್ಷ, ಉತ್ತರ 700 ಬರಬೇಕು. ಕೋಡ್ ಬದಲಾದಾಗಲೆಲ್ಲ ಕಂಪ್ಯೂಟರೇ ಪಾಸ್‌ಬುಕ್, ಲೆಡ್ಜರ್, ವರದಿ ಮೂರಕ್ಕೂ ಈ ಲೆಕ್ಕ ಕೊಟ್ಟು ನೋಡುತ್ತದೆ. ನಾಲ್ಕೈದು ಸಾಲಿನ ಕೆಲಸ. ಮೊದಲ ಕಂಪನಿಯಲ್ಲಿ ಅಂಥ ಒಂದೂ ಟೆಸ್ಟ್ ಇರಲಿಲ್ಲ. ಬರೆಯಲು ಕೂತರೆ "ಕ್ಲೈಂಟ್ ಇದಕ್ಕೆ ದುಡ್ಡು ಕೊಡುವುದಿಲ್ಲ" ಎನ್ನುತ್ತಿದ್ದರು.

ಲೆಕ್ಕದ ಸಾಫ್ಟ್‌ವೇರ್ ಕೆಟ್ಟರೆ ಏನಾಗುತ್ತದೆ ಎಂದು ತಿಳಿಯಲು ಬ್ರಿಟನ್ ಕಡೆ ನೋಡಬೇಕು. ಅಲ್ಲಿನ ಅಂಚೆ ಕಚೇರಿಗಳಲ್ಲಿ ಹೊರೈಜನ್ ಎಂಬ ಸಾಫ್ಟ್‌ವೇರ್ ಇತ್ತು. ಇಲ್ಲದ ಕೊರತೆಯನ್ನು ಅದು ಲೆಕ್ಕದಲ್ಲಿ ತೋರಿಸುತ್ತಿತ್ತು. 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಅಂಚೆ ನಡೆಸುವವರ ಮೇಲೆ ಕಳ್ಳತನ, ಸುಳ್ಳು ಲೆಕ್ಕದ ಅಪರಾಧ ಹೊರಿಸಿ ಶಿಕ್ಷೆ ಆಯಿತು. ಕೆಲವರು ಜೈಲಿಗೆ ಹೋದರು. ಕಂಪ್ಯೂಟರ್ ತಪ್ಪು ಹೇಳುವುದಿಲ್ಲ ಎಂದು ನ್ಯಾಯಾಲಯಗಳೂ ನಂಬಿದ್ದವು. ಕೊನೆಗೆ 2024ರಲ್ಲಿ ಸಂಸತ್ತು ಕಾನೂನು ಮಾಡಿ ಆ ಶಿಕ್ಷೆಗಳನ್ನು ರದ್ದು ಮಾಡಬೇಕಾಯಿತು. ಇದನ್ನು ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಗುಮಾಸ್ತರು.

ಒಂದೂವರೆ ವರ್ಷದ ಮೇಲೆ ಬೇರೆ ಕಂಪನಿಗೆ ಬಂದೆ. ಇಲ್ಲಿ ಒಬ್ಬರು ಹಿರಿಯರು ದಿನಕ್ಕೆ ಅರ್ಧ ಗಂಟೆ ನನ್ನ ಪಕ್ಕದಲ್ಲಿ ಕೂರುತ್ತಾರೆ. ಅಷ್ಟೇ. ಆ ಅರ್ಧ ಗಂಟೆ ನನಗೆ ನಾಲ್ಕು ವರ್ಷದ ಕಾಲೇಜಿಗಿಂತ ಜಾಸ್ತಿ ಕಲಿಸಿದೆ. ಒಂದು ಉದಾಹರಣೆ ಹೇಳುತ್ತೇನೆ. ಸದಸ್ಯರ ಪಟ್ಟಿಯಲ್ಲಿ "ಕಾಸರಗೋಡು" ಎಂದು ಹುಡುಕಿದರೆ ಕೆಲವು ಹೆಸರು ಸಿಗುತ್ತಿರಲಿಲ್ಲ, ಪರದೆಯ ಮೇಲೆ ಮಾತ್ರ ಎಲ್ಲ ಒಂದೇ ಥರ ಕಾಣುತ್ತಿತ್ತು. ನಾನು ಆ ಒಂದು ಪದಕ್ಕೆ ಬೇರೆ ಷರತ್ತು ಬರೆದು ಸರಿ ಮಾಡಿದೆ. ಮರುದಿನ "ಮಂಜೇಶ್ವರ" ಸಿಗುತ್ತಿಲ್ಲ ಎಂದು ದೂರು ಬಂತು. ಅದಕ್ಕೂ ಒಂದು ಷರತ್ತು ಬರೆಯಲು ಹೊರಟಿದ್ದೆ. ಹಿರಿಯರು ತಡೆದರು. "ಒಳಗೆ ಏನು ಕೂತಿದೆ, ಬಿಡಿಸಿ ನೋಡೋಣ" ಎಂದರು. ಬಿಡಿಸಿದೆವು. ಕಣ್ಣಿಗೆ ಕಾಸರಗೋಡು ಐದು ಅಕ್ಷರ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಸಂಕೇತವಾಗಿ ಇಡುವ ಯೂನಿಕೋಡ್ ಎಂಬ ಪದ್ಧತಿಯಲ್ಲಿ ಎಂಟು ಸಂಕೇತ, ಯಾಕೆಂದರೆ ಇಳಿ, ಓತ್ವ, ಕೊಂಬು ಎಲ್ಲ ಬೇರೆ ಬೇರೆ. ಆದರೆ ಹಳೆಯ ಫಾಂಟಿನಿಂದ ಬದಲಿಸಿ ತಂದ ಹೆಸರುಗಳಲ್ಲಿ ಹತ್ತು ಇತ್ತು! "ಗೋ"ದ ಓತ್ವ ಒಂದು ಕಡೆ ಒಂದೇ ಸಂಕೇತವಾಗಿ, ಇನ್ನೊಂದು ಕಡೆ ಮೂರು ತುಂಡಾಗಿ ಕೂತಿತ್ತು. ಮಂಜೇಶ್ವರದ "ಜೇ"ಯ ಕಥೆಯೂ ಅದೇ, ಅಲ್ಲಿ ಎರಡು ತುಂಡು. ಇಂಥ ತುಂಡುಗಳನ್ನು ಒಂದೇ ರೂಪಕ್ಕೆ ತರುವ ನಿಯಮ ಯೂನಿಕೋಡ್‌ನಲ್ಲೇ ಇದೆ, ನಾರ್ಮಲೈಸೇಷನ್ ಎನ್ನುತ್ತಾರೆ. ಒಂದು ಸಾಲು ಸೇರಿಸಿದೆವು. ನಾನು ಬರೆದಿದ್ದ ಷರತ್ತನ್ನು ಅಳಿಸಿದೆವು. ನನ್ನ ಊರಿನ ಹೆಸರನ್ನು ಕಂಪ್ಯೂಟರ್ ಹೇಗೆ ಓದುತ್ತದೆ ಎಂದು ನನಗೆ ಗೊತ್ತಾಗಿದ್ದು ಆ ಮಧ್ಯಾಹ್ನ. ಎಷ್ಟು ಖುಷಿಯಾಯಿತು ಎಂದರೆ ಮನೆಗೆ ಬಂದು ಅಮ್ಮನಿಗೂ ವಿವರಿಸಿದೆ.

ಈಗ ಎಐ ಬಂದಿದೆ, ಕಿರಿಯರು ಯಾಕೆ ಬೇಕು ಎಂದು ಕೇಳುವವರಿದ್ದಾರೆ. ನಾನೂ ಬಳಸುತ್ತೇನೆ. ಚಾಟ್‌ಜಿಪಿಟಿ ಬಂದ 2022ರ ನವೆಂಬರ್‌ನಲ್ಲಿ ನಾನು ಕೊನೆಯ ವರ್ಷದಲ್ಲಿದ್ದೆ. ಅದು ಕೇಳಿದ ಕೂಡಲೇ ಕೋಡ್ ಬರೆದು ಕೊಡುತ್ತದೆ, ನೋಡಲು ಚಂದವಾಗಿಯೂ ಇರುತ್ತದೆ. ಆದರೆ ಆ ಸಂಘದಲ್ಲಿ ಬಡ್ಡಿಯನ್ನು ಯಾವಾಗ ರೌಂಡ್ ಮಾಡಬೇಕು ಎಂಬುದು ಹೇಳದೆ ಅದಕ್ಕೆ ಗೊತ್ತಾಗುವುದಿಲ್ಲ. ಬರೆದದ್ದು ಸರಿಯಾ ಎಂದು ನೋಡಲು ಓದಲು ಬರಬೇಕು. ಓದಲು ಕಲಿಯದ ಕಿರಿಯರ ಕೈಗೆ ಇದನ್ನು ಕೊಟ್ಟು "ದಿನಕ್ಕೆ ಮೂರು ಟಿಕೆಟ್ ಮುಗಿಸು" ಎಂದರೆ, ಮೂರು ಕಡೆ ಅಂಟಿಸಿದ ಲೆಕ್ಕ ಮೂವತ್ತು ಕಡೆ ಆಗುತ್ತದೆ.

ಕೆಲಸ ಬದಲಿಸುವುದೂ ಸುಲಭ ಇಲ್ಲ. ನಾವು ಓದು ಮುಗಿಸಿದ ಸಮಯಕ್ಕೆ ಸರಿಯಾಗಿ, 2023–24ರಲ್ಲಿ, ಟಿಸಿಎಸ್, ಇನ್ಫೋಸಿಸ್, ವಿಪ್ರೋ ಮೂರೂ ಸೇರಿ 60 ಸಾವಿರಕ್ಕೂ ಜಾಸ್ತಿ ಉದ್ಯೋಗಿಗಳು ಕಡಿಮೆಯಾದರು. ದೊಡ್ಡ ಬಾಗಿಲು ಕಿರಿದಾದಾಗ ಸಿಕ್ಕಿದ ಕಡೆ ಸೇರುವುದು ತಾನೇ? ಬೆಳಿಗ್ಗೆ ಕುಂಬಳೆಯಲ್ಲಿ ರೈಲು ಹತ್ತಿದರೆ ಉಪ್ಪಳ, ಮಂಜೇಶ್ವರದಲ್ಲಿ ನನ್ನಂಥವರು ಸೇರಿಕೊಳ್ಳುತ್ತಾರೆ. ಒಬ್ಬ ಗೆಳೆಯನಿಗೆ ಎರಡು ವರ್ಷ ಕೆಲಸ ಬಿಡುವಂತಿಲ್ಲ ಎಂಬ ಬಾಂಡ್, ಮೂಲ ಅಂಕಪಟ್ಟಿ ಕಂಪನಿಯ ಬೀರುವಿನಲ್ಲಿ. ಇನ್ನೊಬ್ಬಳನ್ನು ಸಂದರ್ಶನದಲ್ಲಿ "ನಿಮ್ಮಲ್ಲಿ ಕೋಡ್ ರಿವ್ಯೂ ಹೇಗೆ ಮಾಡುತ್ತೀರಿ" ಎಂದು ಕೇಳಿದರಂತೆ. ಎರಡು ವರ್ಷದಲ್ಲಿ ಅವಳ ಕೋಡನ್ನು ಒಬ್ಬರೂ ಓದಿರಲಿಲ್ಲ. ಏನು ಹೇಳಬೇಕು? ಸುಮ್ನೆ ಕೂತಳಂತೆ. ಅವಳಿಗೆ ಬುದ್ಧಿ ಇಲ್ಲದೆ ಅಲ್ಲ. ಮನೆಯಲ್ಲಿ ನಾವು ಇದನ್ನೆಲ್ಲ ಹೇಳಿದರೆ "ಪ್ಯಾಕೇಜ್ ಎಷ್ಟು" ಎಂಬ ಪ್ರಶ್ನೆಗೇ ಮಾತು ಹೋಗಿ ನಿಲ್ಲುತ್ತದೆ. ಹೆತ್ತವರು ಒಮ್ಮೆ "ಅಲ್ಲಿ ಕಲಿಸುವವರು ಇದ್ದಾರಾ" ಎಂದೂ ಕೇಳಬೇಕು.

ಕಾಲೇಜುಗಳಲ್ಲಿ ಈಗಲೂ ನಾವೇ ಬರೆದ ಐವತ್ತು ಸಾಲಿನ ಪ್ರೋಗ್ರಾಮ್‌ಗೆ ಅಂಕ ಕೊಡುತ್ತಾರೆ. ಕೆಲಸಕ್ಕೆ ಬಂದರೆ ದಿನದ ಹೆಚ್ಚಿನ ಹೊತ್ತು ಬೇರೆಯವರು ಬರೆದದ್ದನ್ನು ಓದುವುದೇ ಆಗುತ್ತದೆ. ಒಂದು ಸೆಮಿಸ್ಟರ್ ಆದರೂ ಹಿಂದಿನ ಬ್ಯಾಚಿನವರ ಪ್ರಾಜೆಕ್ಟ್ ಕೊಟ್ಟು, ಅದನ್ನು ಓದಿ, ಟೆಸ್ಟ್ ಬರೆದು, ತಿದ್ದಿ ಎಂದು ಹೇಳಬಹುದಲ್ಲ? ಅದಕ್ಕೆ ಹೊಸ ಕಟ್ಟಡ ಬೇಡ, ಹೊಸ ಲ್ಯಾಬ್ ಬೇಡ.

ಇನ್ನೊಂದು ಮಾತು ನಮ್ಮದೇ ಊರಿನ ಹಿರಿಯರಿಗೆ. ಪೆರ್ಲ, ನೀರ್ಚಾಲು, ಮುಳ್ಳೇರಿಯ, ಪೈವಳಿಕೆ ಕಡೆಯಿಂದ ಹೋಗಿ ಬೆಂಗಳೂರಿನಲ್ಲಿ ಹತ್ತು ಹದಿನೈದು ವರ್ಷದಿಂದ ಈ ಕೆಲಸ ಮಾಡುವವರು ತುಂಬ ಜನ ಇದ್ದೀರಿ. ವಿಷುವಿಗೆ, ದೀಪಾವಳಿಗೆ, ಊರ ಜಾತ್ರೆಗೆ ಬರುತ್ತೀರಿ. ನಮ್ಮ ಜಿಲ್ಲೆಯಲ್ಲಿ ಊರೂರಿಗೆ ಗ್ರಂಥಾಲಯ ಉಂಟು, ಮೇಜು ಕುರ್ಚಿ ಉಂಟು, ಮಧ್ಯಾಹ್ನದ ಮೇಲೆ ಖಾಲಿಯೂ ಇರುತ್ತದೆ. ಬಂದಾಗ ಒಂದು ಮಧ್ಯಾಹ್ನ ಅಲ್ಲಿ ಕೂತು ನಾಲ್ಕು ಮಕ್ಕಳ ಕೋಡ್ ಓದಿ ಕೊಡುತ್ತೀರಾ? ಭಾಷಣ ಬೇಡ. ಕಂಪನಿಯ ಗುಟ್ಟಿನ ಕೋಡ್ ಬೇಡ, ಅವರು ಸ್ವಂತಕ್ಕೆ ಬರೆದದ್ದು ಸಾಕು. ಲ್ಯಾಪ್‌ಟಾಪ್ ನಾವು ತರುತ್ತೇವೆ. ಕನ್ನಡದಲ್ಲೇ ಮಾತಾಡೋಣ. ಕೋಣೆಗಾಗಿ ನಮ್ಮ ಊರಿನ ಗ್ರಂಥಾಲಯದವರನ್ನು ಕಳೆದ ವಾರ ಕೇಳಿದ್ದೇನೆ, ಆಗಬಹುದು ಎಂದಿದ್ದಾರೆ.

ಇಂತಿ,
ಒಬ್ಬ ಕಿರಿಯ ಡೆವಲಪರ್
ಬದಿಯಡ್ಕ, ಕಾಸರಗೋಡು ಜಿಲ್ಲೆ