ಭಾರ ನೋಡಿ ಲೆನ್ಸ್ ಕೊಳ್ಳಬೇಡಿ

ಮಾನ್ಯರೇ,

ಹಳೆಯ ಕ್ಯಾಮೆರಾ ಲೆನ್ಸ್ ಕೊಳ್ಳುವ ಉತ್ಸಾಹ ಕಾಸರಗೋಡು, ಬದಿಯಡ್ಕ ಕಡೆಯ ಹುಡುಗರಲ್ಲಿ ಈಗ ಜಾಸ್ತಿಯಾಗಿದೆ. ಭೂತಕೋಲ, ಯಕ್ಷಗಾನದ ಫೋಟೋ ತೆಗೆಯಲು ಕಡಿಮೆ ಬೆಲೆಗೆ ಒಳ್ಳೆಯ ಲೆನ್ಸ್ ಸಿಗುವುದಾದರೆ ಸಂತೋಷವೇ. ಆದರೆ ನನ್ನ ಸ್ಟುಡಿಯೋಗೆ ತಂದು ತೋರಿಸುವವರ ಮಾತು ಒಂದೇ: "ಅಣ್ಣಾ, ಪೂರಾ ಮೆಟಲ್, ಎಷ್ಟು ಭಾರ ನೋಡಿ!" ಲೋಹವಿದ್ದರೆ ಹಳೆಯದು, ಒಳ್ಳೆಯದು ಎಂಬ ಲೆಕ್ಕ. ಮಾರುವವರೂ ಇದನ್ನೇ ಹೇಳಿ ಬೆಲೆ ಏರಿಸುತ್ತಾರೆ.

ಕ್ಯಾನನ್‌ನ 50 ಎಂಎಂ ಎಫ್ 1.8 ಲೆನ್ಸನ್ನೇ ನೋಡಿ. 1987ರಲ್ಲಿ ಬಂದದ್ದಕ್ಕೆ ಲೋಹದ ಮೌಂಟ್, ಅಂದರೆ ಕ್ಯಾಮೆರಾಕ್ಕೆ ಕೂರುವ ಬಳೆ. 1990ರದ್ದಕ್ಕೆ ಪ್ಲಾಸ್ಟಿಕ್, ತೂಕ ಬರೀ 130 ಗ್ರಾಂ. ಒಳಗಿನ ಗಾಜಿನ ಜೋಡಣೆ ಮಾತ್ರ ಎರಡರಲ್ಲೂ ಒಂದೇ. 2015ರ ಎಸ್‌ಟಿಎಂ ಮಾದರಿಯಲ್ಲಿ ಪುನಃ ಲೋಹದ ಮೌಂಟ್ ಬಂತು. ಹಾಗಿದ್ದ ಮೇಲೆ ಲೋಹ ನೋಡಿ ಪ್ರಾಯ ಹೇಳುವುದು ಹೇಗೆ? ಪ್ಲಾಸ್ಟಿಕ್ ಮೌಂಟ್ ಕೆಳಗೆ ಬಿದ್ದರೆ ಬೇಗ ಮುರಿಯುತ್ತದೆ, ಅದು ನಿಜ. ಚಿತ್ರ ಅದರಿಂದ ಕೆಡುವುದಿಲ್ಲ.

ಪ್ರಾಯ ತಿಳಿಯಲು ಬೇರೆ ಗುರುತುಗಳಿವೆ. ರಷ್ಯಾದ ಹೀಲಿಯೋಸ್ ಲೆನ್ಸ್‌ಗಳಲ್ಲಿ ಸಾಮಾನ್ಯವಾಗಿ ಸೀರಿಯಲ್ ನಂಬರಿನ ಮೊದಲ ಎರಡು ಅಂಕಿಗಳೇ ತಯಾರಾದ ವರ್ಷ. ಪೆಂಟಾಕ್ಸ್‌ನ ಕೆಲವು ಹಳೆಯ ಟಾಕುಮಾರ್ ಲೆನ್ಸ್‌ಗಳ ಗಾಜಿನಲ್ಲಿ ಥೋರಿಯಂ ಎಂಬ ಧಾತು ಇದೆ, ಆ ಗಾಜು ಕಾಲ ಕಳೆದಂತೆ ಹಳದಿಯಾಗುತ್ತದೆ. ಆ ಹಳದಿಗೆ ಹೆದರಬೇಕಾಗಿಲ್ಲ. ಕೆಲವು ದಿನ ಬಿಸಿಲಿಗಿಟ್ಟರೆ ಹಳದಿ ಬಹಳಷ್ಟು ಇಳಿಯುತ್ತದೆ.

ನಮ್ಮ ಊರಲ್ಲಿ ನಿಜವಾಗಿ ಹೆದರಬೇಕಾದದ್ದು ಬೂಸ್ಟಿಗೆ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಮೇಲಿಂದ ಕಡಲಿನ ತೇವ. ಮಳೆಗಾಲದ ಆಟಿ ತಿಂಗಳಿಡೀ ಚರ್ಮದ ಚೀಲದಲ್ಲಿ ಮುಚ್ಚಿಟ್ಟ ಲೆನ್ಸ್ ಹೊರಗೆ ಮಿರಿಮಿರಿ ಹೊಳೆಯುತ್ತಿರಬಹುದು, ಒಳಗೆ ಜೇಡನ ಬಲೆಯಂಥ ಎಳೆಗಳು ಹರಡಿರುತ್ತವೆ. ಚರ್ಮವೇ ತೇವ ಹಿಡಿದಿಟ್ಟುಕೊಳ್ಳುತ್ತದೆ ಅಲ್ವಾ! ಬೂಸ್ಟು ಒಮ್ಮೆ ಗಾಜಿನ ಮೇಲಿನ ಲೇಪವನ್ನು ತಿಂದರೆ, ಬಿಚ್ಚಿ ಒರೆಸಿದರೂ ಕಲೆ ಹೋಗುವುದಿಲ್ಲ. ದೀಪದ ಎದುರು ಫೋಟೋ ತೆಗೆದಾಗ ಚಿತ್ರ ಮಸುಕಾಗುತ್ತದೆ. ರಾತ್ರಿಯ ಕೋಲದಲ್ಲಿ ಬೇರೆ ಬೆಳಕು ಎಲ್ಲಿದೆ?

ಆದ್ದರಿಂದ ಕೊಳ್ಳುವವರು ಅಪರ್ಚರನ್ನು, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯನ್ನು, ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬಿಟ್ಟು ಓರೆಯಾಗಿ ನೋಡಲಿ. ಆಮೇಲೆ ಅಪರ್ಚರ್ ಮುಚ್ಚಿ, ಆ ಕಿಂಡಿ ಮುಚ್ಚುವ ತೆಳು ಎಲೆಗಳ ಮೇಲೆ ಎಣ್ಣೆ ಹಬ್ಬಿದೆಯೇ ನೋಡಲಿ. ಫೋಕಸ್ ರಿಂಗ್ ಒಂದೇ ಬಿಗಿಯಲ್ಲಿ ತಿರುಗಬೇಕು, ಗರಗರ ಅನ್ನಬಾರದು. ಅಂಗಡಿಯವರಲ್ಲಿ ನನ್ನ ವಿನಂತಿ ಇಷ್ಟೇ: ಮಾರುವ ಮೊದಲು ನೀವೇ ಟಾರ್ಚ್ ಹಿಡಿದು ಒಳಗನ್ನು ತೋರಿಸಿ, ಬೂಸ್ಟಿದ್ದರೆ ಬಿಲ್ಲಿನಲ್ಲೇ ಬರೆದುಕೊಡಿ. ಹುಡುಗರು ಅಡಿಕೆ ಕೊಯ್ಲಿನ ಕೂಲಿ ಕೂಡಿಟ್ಟು ಬರುತ್ತಾರೆ.

– ಒಬ್ಬ ಸ್ಟುಡಿಯೋ ಛಾಯಾಗ್ರಾಹಕ, ಬದಿಯಡ್ಕ